ತೇಮಾ ಎಂದರೇನು?

ಶಾಲೆಯ ಹೆಬ್ಬಾಗಿಲ ಕಮಾನಿಗೆ ಜವಾನ ಏಣಿ ಹತ್ತಿ ಥರ್ಮೋಕೋಲಿನ ಅಕ್ಷರಗಳನ್ನು ಅಂಟಿಸುತ್ತಿದ್ದ. ‘ತೇ’ ಆಗಲೇ ಮೇಲೇರಿ ಕೂತಿತ್ತು, ‘ಮಾ’ ಇನ್ನೂ ಅವನ ಕಂಕುಳಲ್ಲಿತ್ತು. “ಸಾರ್, ನೆಟ್ಟಗಿದೆಯಾ ಸ್ವಲ್ಪ ನೋಡಿ ಹೇಳಿ, ಎಡಕ್ಕೆ ವಾಲಿದ ಹಾಗಿಲ್ಲ ತಾನೆ?” ಎಂದು ಮೇಲಿನಿಂದ ಕೂಗಿದಾಗ ಸೈಕಲ್ಲು ಹಿಡಿದು ಒಳಗೆ ನುಸುಳಿಬಿಡಬೇಕೆಂದಿದ್ದ ಮೇಷ್ಟ್ರು ನಿಲ್ಲಲೇಬೇಕಾಯಿತು. ಊರಿಗೆಲ್ಲ ಅವನು ಸಮಾಜದ ಮೇಷ್ಟ್ರು. ಸಮಾಜ ವಿಜ್ಞಾನದಲ್ಲಿ ಬರುವ ಯಾವ ಪದವೇ ಆಗಲಿ ಅದಕ್ಕೆ ಅವನೇ ಯಜಮಾನ. ತಲೆ ಎತ್ತಿ ನೋಡಿ, “ಸರಿಯಾಗಿದೆ” ಎಂದ. ನಾಳೆ ಪೋಷಕರ ದಿನ. ಅವನ ತರಗತಿಯ ‘ನಮ್ಮ ಮೂಲನಿವಾಸಿಗಳು’ ಪಾಠವನ್ನೇ ಈ ಸಲ ಇಡೀ ಶಾಲೆ ಎತ್ತಿಕೊಂಡು ಮೆರೆಸುವುದೆಂದು ದೊಡ್ಡ ಮೇಡಂ ನಿಶ್ಚಯಿಸಿದ್ದರು. ಆ ಪಾಠದ ಮೂಲೆಯಲ್ಲಿ ಹಳದಿ ಚೌಕದೊಳಗೆ ಒಂದು ಸಾಲಿದೆ: ‘ತೇಮಾ: ಗುಡ್ಡದ ಜನರು ಅತಿಥಿಗಳನ್ನು ಕಂಡಾಗ ಹೇಳುವ ನಮಸ್ಕಾರ.’ ತೇಮಾ ಎಂದರೆ ನಮಸ್ಕಾರವಲ್ಲ. ತೇಮಾ ಎಂದರೆ ಇಲ್ಲೇನೂ ಇಲ್ಲ. ಮಡಕೆಯಲ್ಲಿಲ್ಲ, ಬುಟ್ಟಿಯಲ್ಲಿಲ್ಲ, ಸುಮ್ಮನೆ ಹುಡುಕಬೇಡ, ಹೋಗು. ಎಂದೋ ಯಾವನೋ ಸಾಹೇಬ ಕಾಗದ ಪೆನ್ಸಿಲು ಹಿಡಿದು ಗುಡ್ಡ ಹತ್ತಿರಬೇಕು. ಅವನನ್ನು ಕಂಡ ಕಂಡವರೆಲ್ಲ ಗುಡಿಸಲಿಗೆ ಅಡ್ಡ ನಿಂತು ತೇಮಾ, ತೇಮಾ ಅಂದಿರಬೇಕು. ಅಬ್ಬಾ, ಎಂಥ ಮರ್ಯಾದಸ್ಥ ಜನ ಎಂದು ಅವನು ಬರೆದುಕೊಂಡು ಇಳಿದಿರಬೇಕು. ಈಗ ಅದು ಬಣ್ಣ ಬಳಿಸಿಕೊಂಡು, ಮಿಂಚಿನ ಪುಡಿ ಉದುರಿಸಿಕೊಂಡು ಶಾಲೆಯ ಬಾಗಿಲ ಮೇಲೇರುತ್ತಿದೆ. ನಾಳೆ ಬರುವ ಅಪ್ಪಂದಿರು ಅಮ್ಮಂದಿರು ಅದರ ಕೆಳಗೇ ಒಳಗೆ ಬರುತ್ತಾರೆ.

ಪಡಸಾಲೆಯಲ್ಲಿ ಎದುರಾದ ಮಕ್ಕಳೆಲ್ಲ “ತೇಮಾ ಸಾರ್!” “ತೇಮಾ ಸಾರ್!” ಎಂದು ಕೈ ಎತ್ತಿದರು. ಇದೊಂದು ಹೊಸ ಆಟವಾಗಿತ್ತು ಅವಕ್ಕೆ. ಇಲ್ಲೇನೂ ಇಲ್ಲ ಸಾರ್, ಇಲ್ಲೇನೂ ಇಲ್ಲ ಸಾರ್. ಅವನೂ ಕೈ ಎತ್ತಿ ನಗುತ್ತ ನಡೆದ. ಚಿಕ್ಕವನಿದ್ದಾಗ ಶಾಲೆಯಿಂದ ಓಡಿಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಅಮ್ಮ ಮಡಕೆಯನ್ನು ಬೋರಲು ಹಾಕಿ ತೋರಿಸಿ ಅದೇ ಮಾತನ್ನು ಹೇಳುತ್ತಿದ್ದಳು. ಬೇಸರದಿಂದಲ್ಲ, ಏನೋ ತಮಾಷೆಯ ಹಾಗೆ, ತಳ ಬಡಿದು ಸದ್ದು ಮಾಡಿ. ತೇ ಅಂದಮೇಲೆ ಅಮ್ಮನ ಗಂಟಲಲ್ಲಿ ಉಸಿರು ಒಂದು ಕ್ಷಣ ಸಿಕ್ಕಿಕೊಂಡು, ಒಂದು ಸಣ್ಣ ‘ಹ್’ ಆಗಿ ಜಾರಿ, ಆಮೇಲೆ ಮಾ ಬರುತ್ತಿತ್ತು. ಆ ಉಸಿರಿಗೆ ಪುಸ್ತಕದಲ್ಲಿ ಅಕ್ಷರವಿಲ್ಲ. ಅಕ್ಷರವಿಲ್ಲದ್ದರಿಂದ ಮಕ್ಕಳಿಗೂ ಇಲ್ಲ, ಬೇರೆ ಮೇಷ್ಟ್ರುಗಳಿಗೂ ಇಲ್ಲ. ಅವನೂ ವರ್ಷ ವರ್ಷ ಪಾಠ ಮಾಡುವಾಗ ಅದನ್ನು ನುಂಗಿಯೇ ಹೇಳುತ್ತ ಬಂದಿದ್ದ. ನಾಲಿಗೆಯನ್ನು ಹದ್ದುಬಸ್ತಿನಲ್ಲಿಡುವುದು ಕಷ್ಟವೇನಲ್ಲ, ಅಪ್ಪ ಚಿಕ್ಕಂದಿನಲ್ಲೇ ಅದನ್ನು ಕಲಿಸಿದ್ದ. ಲಾರಿ ಓಡಿಸುತ್ತಿದ್ದ ಅಪ್ಪ ಪೇಟೆಯವನು. ಗುಡ್ಡದಿಂದ ಅಮ್ಮನನ್ನು ಕರಕೊಂಡು ಬಂದವನು. “ಆ ಭಾಷೆ ಮನೆಯೊಳಗಿರಲಿ ಕಣೋ, ಹೊಸಲು ದಾಟಿದ್ರೆ ನೋಡು ಮತ್ತೆ” ಎನ್ನುತ್ತಿದ್ದ. ಹೊಸಲು ದಾಟಲಿಲ್ಲ. ಹೋದ ವಾರದವರೆಗೂ ದಾಟಲಿಲ್ಲ. ಹೋದ ವಾರ ಮಾತ್ರ, ಮಧ್ಯಾಹ್ನದ ತೂಕಡಿಕೆಯ ಹೊತ್ತು, ಮಕ್ಕಳ ಗದ್ದಲಕ್ಕೆ ರೇಗಿ ಕಪ್ಪು ಹಲಗೆಯ ಕಡೆ ತಿರುಗಿಕೊಂಡು ಆ ಪದ ಬರೆಯುತ್ತ ಬಾಯಲ್ಲೂ ಹೇಳಿದಾಗ ಆ ಹಾಳು ಉಸಿರು ತಾನಾಗಿಯೇ ಜಾರಿ ಬಂದುಬಿಟ್ಟಿತ್ತು. ತಿರುಗಿ ನೋಡಿದರೆ ಕಿಟಕಿ ಪಕ್ಕದ ಹೊಸ ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಬೇರೆ ಯಾರೂ ನೋಡಲಿಲ್ಲ. ಮಿಕ್ಕವರಿಗೆ ಅದು ಮೇಷ್ಟ್ರ ಗಂಟಲಲ್ಲಿ ಸಿಕ್ಕ ಸೀಮೆಸುಣ್ಣದ ಧೂಳು.

ಹೊಸ ಹುಡುಗಿಯ ತಾಯಿ ಊರಾಚೆ ಏಳುತ್ತಿರುವ ದೊಡ್ಡ ಕಟ್ಟಡದಲ್ಲಿ ಕೆಲಸಕ್ಕೆ ಬಂದವಳು. ಅಷ್ಟೇ ಶಾಲೆಗೆ ಗೊತ್ತಿದ್ದದ್ದು. ಹುಡುಗಿ ಮಾತು ಕಡಿಮೆ, ಬರವಣಿಗೆ ದುಂಡಗೆ. ಅವಳು ಎಲ್ಲಿಯವಳೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಆದರೆ ಪಾಠದ ದಿನ ಅವಳು ಪುಸ್ತಕದ ಹಳದಿ ಚೌಕವನ್ನು ಓದಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ಅವನು ನೋಡಿದ್ದ. ಆ ನಗು ಅವನಿಗೆ ಎಷ್ಟು ಚೆನ್ನಾಗಿ ಅರ್ಥವಾಗಿತ್ತೆಂದರೆ ತಾನೂ ನಕ್ಕುಬಿಟ್ಟೇನೆಂದು ಹೆದರಿ, “ಏನದು ಕಿಸಿಕಿಸಿ? ಎದ್ದು ನಿಂತ್ಕೋ” ಎಂದು ಗದರಿದ್ದ. ಅವಳು ಎದ್ದು ನಿಂತಿದ್ದಳು. ಮುಂದಿನ ಬೆಂಚಿನ ಒಬ್ಬ ವಾಚಾಳಿ, “ಸಾರ್, ಅವರು ಈಗ ಎಲ್ಲೂ ಇಲ್ವಾ ಸಾರ್?” ಎಂದು ಕೇಳಿದ. ಪುಸ್ತಕದಲ್ಲಿ ಎಲ್ಲವೂ ‘ವಾಸಿಸುತ್ತಿದ್ದರು’, ‘ಬೇಟೆಯಾಡುತ್ತಿದ್ದರು’, ‘ಕುಣಿಯುತ್ತಿದ್ದರು’ ಎಂದಿದ್ದರೆ ಮಗು ಇನ್ನೇನು ಕೇಳೀತು! “ಇದ್ದಾರೆ, ಇದ್ದಾರೆ, ಅಲ್ಲೊಬ್ಬರು ಇಲ್ಲೊಬ್ಬರು” ಎಂದ ಅವನು. ನಿಂತಿದ್ದ ಹುಡುಗಿಯನ್ನು ಕೂರಿಸಲು ಮರೆತ. ಗಂಟೆ ಹೊಡೆಯುವವರೆಗೆ ಅವಳು ನಿಂತೇ ಇದ್ದಳು, ಪಾಠದಲ್ಲಿ ಅವರು ಕುಣಿಯುತ್ತಲೇ ಇದ್ದರು.

ಮೇಷ್ಟ್ರುಗಳ ಕೋಣೆಗೆ ಕಾಲಿಟ್ಟರೆ ಅಲ್ಲಾಗಲೇ ನಗುವಿನ ಸಂತೆ. ಲೆಕ್ಕದ ಮೇಷ್ಟ್ರು ಅವನ ಮೇಜಿನ ಮೇಲಿದ್ದ ಕಿರುಪರೀಕ್ಷೆಯ ಕಟ್ಟನ್ನು ಬಿಚ್ಚಿ ಒಂದು ಹಾಳೆಯನ್ನು ಎತ್ತಿ ಹಿಡಿದಿದ್ದರು. ಬೇರೆಯವರ ಕಟ್ಟು ಬಿಚ್ಚುವುದು ಅವರ ಹುಟ್ಟುಗುಣ. “ಬನ್ನಿ ಬನ್ನಿ, ನಿಮ್ಮ ಶಿಷ್ಯೋತ್ತಮೆಯ ಉತ್ತರ ಕೇಳಿ. ಪ್ರಶ್ನೆ: ತೇಮಾ ಎಂದರೇನು? ಉತ್ತರ: ಏನೂ ಇಲ್ಲ!” ಎಲ್ಲರೂ ಮತ್ತೆ ಹೋ ಎಂದರು. “ಮೇಷ್ಟ್ರೇನೋ ತಲೆ ಚಚ್ಚಿಕೊಂಡು ಪಾಠ ಮಾಡ್ತಾರೆ, ಅದೆಂದರೇನಮ್ಮ ಅಂದ್ರೆ, ಏನೂ ಇಲ್ಲ ಬಿಡಿ ಅಂತಾಳೆ. ಧೈರ್ಯ ಮೆಚ್ಚಬೇಕು ಕಣ್ರೀ!” ಅವನೂ ನಕ್ಕ. ನಗು ತುಟಿಯ ಮೇಲೆ ಬಂದು ಅಲ್ಲೇ ಒಣಗಿತು. ಹಾಳೆಯ ಮೇಲೆ ಕೆಂಪು ಗೀಟು ಅವನದೇ, ದಪ್ಪಗೆ ಕಾಣುತ್ತಿತ್ತು. ನಿನ್ನೆ ಸಂಜೆ ಮನೆಯಲ್ಲಿ ತಿದ್ದುತ್ತಿದ್ದಾಗ ಆ ಉತ್ತರ ಎದುರಾಗಿ ಪೆನ್ನು ನಿಂತಿತ್ತು. ಎದುರಿಗೆ ಅಮ್ಮ ಅವನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಇಡೀ ತರಗತಿಯಲ್ಲಿ ಸರಿಯಾದ ಉತ್ತರ ಅದೊಂದೇ. ಮಿಕ್ಕವರೆಲ್ಲ ನಮಸ್ಕಾರ, ನಮಸ್ಕಾರ, ನಮಸ್ಕಾರ ಎಂದು ಬರೆದು ಅಂಕ ಹೊಡೆದಿದ್ದರು. ಅಮ್ಮಾ, ಇಲ್ಲಿ ನೋಡು ಎಂದು ಹೇಳಬೇಕೆನ್ನಿಸಿ ತಲೆ ಎತ್ತಿದ. ಅಮ್ಮ ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಅವನು ತಲೆ ತಗ್ಗಿಸಿ ಗೀಟು ಎಳೆದುಬಿಟ್ಟ, ಎಳೆದಮೇಲೆ ಇನ್ನೊಮ್ಮೆ ಅದರ ಮೇಲೆಯೇ ಎಳೆದ. ಸಂಶಯಕ್ಕೆ ಎಡೆ ಇರಬಾರದೆಂಬಂತೆ.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ದೊಡ್ಡ ಮೇಡಂಗೆ ಮಾತ್ರ ನಗು ಬರಲಿಲ್ಲ. ಅವರು ಒಳ್ಳೆಯವರು, ಯಾರನ್ನೂ ನೋಯಿಸದವರು, ತಮ್ಮ ಕೋಣೆಯ ಗೋಡೆಗೆ ಗುಡ್ಡದ ಜನರ ಮರದ ಮುಖವಾಡವೊಂದನ್ನು ತೂಗುಹಾಕಿ ದಿನವೂ ತಾವೇ ಧೂಳು ಒರೆಸುವವರು. “ಇದರಲ್ಲಿ ನಗೋದೇನಿದೆ? ಒಂದು ಜನಾಂಗದ ನಮಸ್ಕಾರವನ್ನೇ ಏನೂ ಇಲ್ಲ ಅಂತ ಬರೀತಾಳೆ ಅಂದ್ರೆ ಅದು ಉಡಾಫೆ. ಆ ಮುಗ್ಧ ಜನರಿಗೆ ಮಾಡೋ ಅವಮಾನ” ಎಂದರು. “ಮೇಷ್ಟ್ರೇ, ಮೂರನೇ ಗಂಟೆ ಆದ್ಮೇಲೆ ನನ್ನ ರೂಮಿಗೆ ಬನ್ನಿ. ಅವಳ ತಾಯಿಗೂ ಹೇಳಿಕಳಿಸ್ತೀನಿ.” ಅವನು “ಪಾಪ, ಬಿಡಿ ಮೇಡಂ, ಮಕ್ಕಳು…” ಎಂದ. ಅಷ್ಟರಲ್ಲಿ ಅವರು ಹೋಗಿಯಾಗಿತ್ತು. ಅಷ್ಟಾದರೂ ಅಂದೆನಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಥೂ, ಎಂಥ ಸಮಾಧಾನ!

ಮುಂದಿನ ಮೂರು ಗಂಟೆ ಏನು ಪಾಠ ಮಾಡಿದನೋ ಅವನಿಗೇ ಗೊತ್ತಿಲ್ಲ. ಹೇಳಿಬಿಡುವುದು ಎಷ್ಟು ಸುಲಭ! ಇನ್ನೊಂದು ಪುಸ್ತಕದಲ್ಲಿ ಬೇರೆ ಅರ್ಥ ಕೊಟ್ಟಿದ್ದಾರೆ ಮೇಡಂ, ಹುಡುಗಿ ಬರೆದದ್ದೂ ಸರಿಯಿರಬಹುದು ಎಂದರೆ ಮುಗಿಯಿತು. ಅದಕ್ಕೆ ಅವನ ಕುಲಗೋತ್ರ ಯಾರೂ ಕೆದಕುವುದಿಲ್ಲ. ಆದರೆ ಯಾವ ಪುಸ್ತಕ ಎಂದು ಲೆಕ್ಕದ ಮೇಷ್ಟ್ರು ಕೇಳದೆ ಬಿಡುವ ಪ್ರಾಣಿಯಲ್ಲ. ಕೇಳಿದರೆ? ಒಂದು ಸುಳ್ಳಿಗೆ ಇನ್ನೊಂದು ಕೂಡಿಸಿದರಾಯಿತು, ಅವನಿಗೇನು ಅಭ್ಯಾಸವಿಲ್ಲವೆ? ಈಗಿನ ಮನೆಗೆ ಬಂದ ದಿನವೇ ಅಲ್ಲವೆ, ಸಾಮಾನು ಇನ್ನೂ ಮೆಟ್ಟಿಲ ಮೇಲಿರುವಾಗ, ಪಕ್ಕದ ಮನೆಯಾಕೆ ನೀರಿನ ತಂಬಿಗೆ ಹಿಡಿದು ಬಂದು, “ಅಜ್ಜಿ, ನಿಮ್ಮ ಕಡೆ ಯಾವುದು?” ಎಂದು ಪ್ರೀತಿಯಿಂದ ಕೇಳಿದ್ದು. ಅಮ್ಮ ತಂಬಿಗೆ ತೆಗೆದುಕೊಂಡು ಬಾಯಿ ತೆರೆದಳು. ಅವಳು ಊರಿನ ಮಾತನ್ನೂ ಗುಡ್ಡದ ಉಸಿರಿನಲ್ಲೇ ಆಡುವವಳು. ಅವಳ ಬಾಯಿಂದ ಒಂದಕ್ಷರ ಹೊರಡುವ ಮೊದಲೇ ಅವನು, “ಅಮ್ಮನಿಗೆ ಕಿವಿ ಕೇಳಿಸಲ್ಲ. ಮಾತೂ ನಿಂತುಹೋಗಿದೆ” ಎಂದುಬಿಟ್ಟ. ಅಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಒಂದು ಕ್ಷಣ ಇತ್ತು. ಆಮೇಲೆ ಅವಳು ಅವನ ಮುಖ ನೋಡಿದಳು, ಬಾಯಿ ಮುಚ್ಚಿದಳು, ಪಕ್ಕದ ಮನೆಯಾಕೆಗೆ ಕಿವಿ ತೋರಿಸಿ ಇಲ್ಲವೆಂದು ಕೈಯಾಡಿಸಿ ನಕ್ಕಳು. ಎಷ್ಟು ಚೆನ್ನಾಗಿ ಮಾಡಿದಳೆಂದರೆ ಪಕ್ಕದ ಮನೆಯಾಕೆಯ ಕಣ್ಣಲ್ಲಿ ನೀರು ಬಂತು. ಆ ದಿನ ಅವನ ಹೆಂಡತಿ ಒಳಗೆ ಕರೆದು, “ಇದೇನ್ರೀ ಇದು? ಹೆತ್ತ ತಾಯಿನ ಮೂಕಿ ಮಾಡಿಬಿಟ್ರಲ್ಲ!” ಎಂದು ಜಗಳ ತೆಗೆದಳು. “ಒಂದೆರಡು ದಿನ, ಆಮೇಲೆ ನಿಧಾನಕ್ಕೆ ಹೇಳೋಣ” ಎಂದ. ನಿಧಾನಕ್ಕೆ ಹೇಳುವ ದಿನ ಈವರೆಗೂ ಬಂದಿಲ್ಲ. ಆ ಸುಳ್ಳು ಈಗ ಶಾಲೆಯಲ್ಲೂ ಎಲ್ಲರಿಗೂ ಗೊತ್ತಿರುವ ಸಂಗತಿ. ಅಮ್ಮ ಬಾಗಿಲು ಹಾಕಿದಮೇಲೆ ಮಾತ್ರ ಪಿಸುದನಿಯಲ್ಲಿ ಮಾತಾಡುತ್ತಾಳೆ, ಈಚೆಗೆ ಅದೂ ಕಡಿಮೆ.

ದೊಡ್ಡ ಮೇಡಂ ಕೋಣೆಗೆ ಹೋದಾಗ ಹುಡುಗಿಯ ತಾಯಿ ಆಗಲೇ ಬಂದಿದ್ದಳು. ಕೂರಿ ಎಂದರೂ ಕೂತಿರಲಿಲ್ಲ. ಕೆಲಸದ ನಡುವೆಯೇ ಎದ್ದು ಬಂದದ್ದು. ಮುಂಗೈಯಲ್ಲಿ ಸಿಮೆಂಟು ಒಣಗಿ ಬಿರುಕು ಬಿಟ್ಟಿತ್ತು. ಹುಡುಗಿ ತಾಯಿಯ ಪಕ್ಕ ನಿಂತು ಗೋಡೆಯ ಮುಖವಾಡವನ್ನು ನೋಡುತ್ತಿದ್ದಳು. ಮೇಡಂ ಎಲ್ಲವನ್ನೂ ಮೃದುವಾಗಿಯೇ ಹೇಳಿದರು. ನಾವು ಮಕ್ಕಳಿಗೆ ಮೂಲನಿವಾಸಿಗಳ ಬಗ್ಗೆ ಗೌರವ ಕಲಿಸುತ್ತೇವೆ, ನೋಡಿ, ಅವರೂ ನಮ್ಮ ಹಾಗೇ ಮನುಷ್ಯರು, ಅವರ ಸಂಸ್ಕೃತಿಗೆ ನಿಮ್ಮ ಮಗಳು ಅಗೌರವ ತೋರಿಸಿದ್ದಾಳೆ ಎಂದರು. ಆ ತಾಯಿ ಒಂದೊಂದು ಮಾತನ್ನೂ ತಲೆ ಬಾಗಿಸಿ ಕೇಳಿ, “ಏನು ಬರೆದಳು ಅಮ್ಮಾ?” ಎಂದಳು. “ಮೇಷ್ಟ್ರೇ, ನೀವೇ ಓದಿ ಹೇಳಿ.” ಅವನು ಹಾಳೆ ಕೈಗೆ ತೆಗೆದುಕೊಂಡ. ಮೇಜಿನ ಮೇಲಿಟ್ಟು ಓದಿದ. ನುಂಗಬೇಕೆಂದು ಅಷ್ಟು ಜಾಗ್ರತೆ ಮಾಡಿದ್ದಕ್ಕೋ ಏನೋ, ಪ್ರಶ್ನೆಯ ಆ ಪದದ ನಡುವೆ ಉಸಿರು ಸಿಕ್ಕಿಕೊಂಡು ಜಾರಿ ಹೊರಬಿತ್ತು.

ಆ ತಾಯಿ ತಲೆ ಎತ್ತಿದಳು. ಮೇಡಂ ಇದ್ದಾರೆ, ಇದು ಶಾಲೆ, ತಾನು ಬೈಸಿಕೊಳ್ಳಲು ಬಂದವಳು ಎಂಬುದೆಲ್ಲ ಅವಳ ಮುಖದಿಂದ ಒಮ್ಮೆಗೇ ಇಳಿದುಹೋಯಿತು. ಅವನ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಕೇಳಿದಳು. ಚಿಕ್ಕ ಪ್ರಶ್ನೆ. ಗುಡ್ಡದಲ್ಲಿ ಹೊಸಬರು ಸಿಕ್ಕರೆ ಕೇಳುವ ಮೊದಲ ಮಾತೇ ಅದಂತೆ, ಅಮ್ಮ ಹೇಳುತ್ತಿದ್ದಳು. ಯಾವ ಊರು ಎಂದಲ್ಲ, ಏನು ಕೆಲಸ ಎಂದಲ್ಲ. ಅವನಿಗೆ ಪ್ರತಿಯೊಂದು ಪದವೂ ತಿಳಿಯಿತು. ಎಷ್ಟೋ ವರ್ಷದ ಮೇಲೆ ಯಾರೋ ಗಟ್ಟಿಯಾಗಿ, ಹಗಲು ಹೊತ್ತಿನಲ್ಲಿ, ಕಿಟಕಿ ಬಾಗಿಲು ತೆರೆದಿರುವಾಗ ಆ ಭಾಷೆ ಆಡಿದ್ದು ಕೇಳಿ ಅವನ ಕಣ್ಣು ಬಾಗಿಲ ಕಡೆ ಹೋಯಿತು. ಒಂದು ಕ್ಷಣ ಉತ್ತರ ಬಾಯಿಗೇ ಬಂದಿತ್ತು.

“ಏನಂತೆ?” ಎಂದರು ಮೇಡಂ.

“ಗೊತ್ತಾಗಲಿಲ್ಲ ಮೇಡಂ” ಎಂದ ಅವನು.

ಹುಡುಗಿ ಮುಖವಾಡದಿಂದ ಕಣ್ಣು ಕಿತ್ತು, “ನೀವು ಯಾರ ಮಗ ಅಂತ ಕೇಳ್ತಿದ್ದಾಳೆ ಸಾರ್, ನಮ್ಮಮ್ಮ” ಎಂದಳು.

ಮೇಡಂ ನಕ್ಕುಬಿಟ್ಟರು. ಕಟ್ಟಡದ ಕೆಲಸಕ್ಕೆ ಬಂದವರ ಭಾಷೆಯೆಲ್ಲ ಅವರಿಗೆ ಒಂದೇ. “ಒಳ್ಳೇ ಚೆನ್ನಾಯ್ತು! ಮೇಷ್ಟ್ರ ತಂದೆ ತಾಯಿನ ವಿಚಾರಿಸ್ತೀರಾ? ಅವರ ತಾಯಿಗೆ ಕಿವಿ ಕೇಳಿಸಲ್ಲಮ್ಮ, ಮಾತೂ ಬರಲ್ಲ. ಪಾಪ, ತುಂಬ ವಯಸ್ಸಾದೋರು.”

ಆ ತಾಯಿ “ಅಯ್ಯೋ” ಎಂದಳು. ನಿಜವಾಗಿ ನೊಂದುಕೊಂಡು ಅಂದಳು. ಅವನನ್ನೇ ನೋಡಿ, ತಡವರಿಸುವ ಊರ ಮಾತಿನಲ್ಲಿ, “ಹಾಗಾದ್ರೆ ನಿಮಗೆ ಈ ಮಾತು ಹೇಳಿಕೊಟ್ಟಿದ್ದು ಯಾರು ಸಾರ್?” ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಅವನು ಹುಡುಗಿಯ ಕಡೆ ನೋಡಬಾರದೆಂದುಕೊಂಡು ಮೇಜಿನ ಮೇಲಿನ ಗಾಜಿನ ಗುಂಡನ್ನು ನೋಡಿದ. ಅದರೊಳಗೆ ಕೋಣೆಯೆಲ್ಲ ಸಣ್ಣದಾಗಿ ಕಾಣುತ್ತಿತ್ತು.

“ಪುಸ್ತಕದಲ್ಲಿದೆ” ಎಂದ. “ಎಲ್ಲ ಪುಸ್ತಕದಲ್ಲಿದೆ ಅಮ್ಮ. ನಮಸ್ಕಾರ ಅಂತ ಇದೆ.”

ಹುಡುಗಿ ಬಾಯಿ ತೆರೆದಳು. ತಾಯಿ ಅವಳ ರಟ್ಟೆ ಹಿಡಿದಳು. “ಪುಸ್ತಕ ಬರೆದೋರು ಓದಿದೋರು. ನಾವೇ ಎಲ್ಲೋ ತಪ್ಪು ಕಲಿತಿರಬೇಕು” ಎಂದು ಅವನಿಗೇ ಸಮಾಧಾನ ಹೇಳುವವಳ ಹಾಗೆ ಹೇಳಿ, ಮಗಳ ಕಡೆ ತಿರುಗಿ, “ಸಾರ್ ಹೇಳಿದ್ದು ಬರಿ. ಅಳಿಸಿ ಬರಿ” ಎಂದಳು. ಹುಡುಗಿ ಅಳಿಸಲಿಲ್ಲ. ಬರೆದದ್ದರ ಕೆಳಗೆ ದುಂಡಗೆ ‘ನಮಸ್ಕಾರ’ ಎಂದು ಬರೆದು ಹಾಳೆಯನ್ನು ಅವನತ್ತ ತಳ್ಳಿದಳು. ಮೇಡಂಗೆ ಸಂತೋಷವಾಯಿತು. ಶಿಕ್ಷೆ ಕೊಟ್ಟು ಮಗುವಿನ ಮನಸ್ಸು ಮುರಿಯುವುದು ಅವರಿಗೆ ಆಗದ ಕೆಲಸ. “ನೋಡು ಪುಟ್ಟಾ, ನಾಳೆ ನೀನೇ ಗೇಟಿನ ಹತ್ತಿರ ನಿಂತ್ಕೋ. ಬಂದೋರಿಗೆಲ್ಲ ಕೈಮುಗಿದು ತೇಮಾ, ತೇಮಾ ಅಂತ ಹೇಳು. ಆಗ ಜನ್ಮದಲ್ಲಿ ಮರೆಯಲ್ಲ. ಏನಂತೀರಿ ಮೇಷ್ಟ್ರೇ?” ಹುಡುಗಿ ಈಗ ಅವನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯೂ ಇರಲಿಲ್ಲ. ಇವರು ಏನು ಹೇಳುತ್ತಾರೆ ನೋಡೋಣ ಎಂಬ ಒಂದು ಕುತೂಹಲ ಮಾತ್ರ ಇತ್ತು. ಈಗಲೂ ಹೊತ್ತು ಮೀರಿರಲಿಲ್ಲ. ಇನ್ನೊಂದು ಪುಸ್ತಕ ಎನ್ನಬಹುದಿತ್ತು. ತನಗಾಗಿ ಇಷ್ಟು ವರ್ಷ ಇಷ್ಟು ಸುಳ್ಳು ಪೋಣಿಸಿದವನಿಗೆ ಆ ಮಗುವಿಗಾಗಿ ಒಂದೇ ಒಂದು ಸುಳ್ಳು ಹೇಳಲು ಆಗಲಿಲ್ಲ. “ಒಳ್ಳೇದು ಮೇಡಂ” ಎಂದ. ಕೆಂಪು ಪೆನ್ನು ತೆಗೆದು ನಮಸ್ಕಾರದ ಪಕ್ಕ ಸರಿ ಗುರುತು ಹಾಕಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ಇನ್ನೂ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿರಲಿಲ್ಲ. ಅಮ್ಮ ಅಡುಗೆಮನೆಯ ಕಿಟಕಿಯ ಬೆಳಕಿಗೆ ಕೂತು ಬಟ್ಟೆ ಮಡಚುತ್ತಿದ್ದಳು. ಕಿಟಕಿಯ ಕೆಳಗೆ ಎಲ್ಲರಿಗೂ ಸೇರಿದ ಅಂಗಳ. ಪಕ್ಕದ ಮನೆಯಾಕೆ ಯಾರೊಡನೆಯೋ ಹರಟುವುದು ಕೇಳಿಸುತ್ತಿತ್ತು. ಅವನು ಚಪ್ಪಲಿಯನ್ನೂ ಬಿಡದೆ ಬಂದು ಅಮ್ಮನ ಎದುರಿಗೆ ನೆಲದ ಮೇಲೆ ಕುಕ್ಕರಿಸಿದ. ಏನಾಯಿತೋ ಎಂದು ಅವಳು ಕಣ್ಣಲ್ಲೇ ಕೇಳಿದಳು. ಹೇಳಬೇಕಾದ್ದು ಏನೆಂದು ಅವನಿಗೆ ಸ್ಪಷ್ಟವಾಗಿತ್ತು. ನಿನ್ನ ಕಡೆಯ ಒಬ್ಬಾಕೆ ಬಂದಿದ್ದಳು, ನಾನು ಯಾರ ಮಗ ಎಂದು ಕೇಳಿದಳು, ನಾನು ಹೇಳಲಿಲ್ಲ. ಅಷ್ಟೇ. ಆದರೆ ಬಾಯಿಗೆ ಬಂದದ್ದು ಬೇರೆ. ನಮ್ಮ ಶಾಲೆಯ ಬಾಗಿಲಿಗೆ ಏನು ಬರೆದಿದ್ದಾರೆ ಗೊತ್ತಾ ಅಮ್ಮ ಎಂದು ಶುರುಮಾಡಿದ. ಅವಳ ಭಾಷೆಯಲ್ಲೇ, ತನಗೆ ಉಳಿದಿದ್ದ ಅರೆಬರೆ ಮಾತಿನಲ್ಲಿ, ಪೇಟೆಯ ಮಾತು ಬೆರೆಸಿ ಹೇಳಿದ. ತೇಮಾ ಎಂದು ಬರೆದಿದ್ದಾರೆ, ಇಷ್ಟು ದೊಡ್ಡ ಅಕ್ಷರದಲ್ಲಿ, ಮಿಂಚು ಹಚ್ಚಿ. ಅದು ನಮಸ್ಕಾರವಂತೆ. ನಾಳೆ ಬಂದವರಿಗೆಲ್ಲ ಒಂದು ಹುಡುಗಿ ಕೈಮುಗಿದು ಅದನ್ನೇ ಹೇಳುತ್ತಾಳೆ.

ಅಮ್ಮ ಮಡಚುತ್ತಿದ್ದ ಬಟ್ಟೆ ಹಾಗೇ ಕೈಯಲ್ಲಿ ನಿಂತಿತು. “ನಮಸ್ಕಾರಾನಾ?” ಎಂದಳು. ಅವನು ಹೌದೆಂದ. ಮೊದಲು ಅವಳ ಭುಜ ಅಲುಗಿತು. ಆಮೇಲೆ ಹೊಟ್ಟೆ. ಆಮೇಲೆ ಎಷ್ಟೋ ವರ್ಷದಿಂದ ಎಲ್ಲಿ ಅಡಗಿಸಿಟ್ಟಿದ್ದಳೋ, ಒಂದು ಭಾರಿ ನಗು ಅವಳ ಬಾಯಿಂದ ಸಿಡಿದು ಅಡುಗೆಮನೆಯ ಪಾತ್ರೆಗಳಿಗೆಲ್ಲ ತಾಗಿತು. “ಇಲ್ಲೇನೂ ಇಲ್ಲ ಅಂತ ಕೈಮುಗೀತಾರಾ! ಅಯ್ಯೋ ನನ್ನಪ್ಪಾ! ಬನ್ನಿ, ಬನ್ನಿ, ಇಲ್ಲೇನೂ ಇಲ್ಲ!” ಎಂದು ತನ್ನ ಭಾಷೆಯಲ್ಲಿ, ಗುಡ್ಡದ ಈಚೆಯಿಂದ ಆಚೆಗೆ ಕೂಗುವವರ ದನಿಯಲ್ಲಿ, ಉಸಿರೆಲ್ಲ ಬಿಟ್ಟು ಹೇಳಿ ಹೇಳಿ ನಕ್ಕಳು. ಕಣ್ಣಲ್ಲಿ ನೀರು ಬಂತು. ಮಗನ ಭುಜಕ್ಕೆ ಹೊಡೆದು ಹೊಡೆದು ನಕ್ಕಳು. ಅವನೂ ನಗುತ್ತಿದ್ದ, ನಗುತ್ತ ನಗುತ್ತ ಅಳು ಬರುವುದರಲ್ಲಿತ್ತು. ಈಗ ಹೇಳುತ್ತೇನೆ, ಈಗ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ. ಕೆಳಗೆ ಅಂಗಳದ ಹರಟೆ ಥಟ್ಟನೆ ನಿಂತಿತು.

ಅವನು ಎದ್ದ. ಏಳಬೇಕೆಂದು ಎದ್ದದ್ದಲ್ಲ. ಎರಡು ಹೆಜ್ಜೆ ಹಾಕಿ ಕಿಟಕಿಯ ಬಾಗಿಲನ್ನು ಎಳೆದು ಚಿಲಕ ಹಾಕಿದ್ದು ಅವನ ಕೈಯೇ.

ತಿರುಗಿ ನೋಡಿದಾಗ ಅಮ್ಮನ ನಗು ಪೂರ್ತಿ ನಿಂತಿತ್ತು. ಅವಳು ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಅವನನ್ನು ನೋಡುತ್ತಿದ್ದಳು. ಆಮೇಲೆ ಬಟ್ಟೆಯನ್ನು ಸ್ವಲ್ಪ ಸರಿಸಿ, ಊರ ಮಾತಿನಲ್ಲಿ, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, “ನಿನಗೇನೂ ತೊಂದರೆ ಆಗಲ್ಲ ತಾನೆ, ಮಗಾ?” ಎಂದು ಕೇಳಿದಳು.